ಪುಕ್ಕಟೆ ಮಾತ್ರೆ

ನಮ್ಮ ಫ್ಯಾಕ್ಟರಿಯವರ ದಯೆ ದೊಡ್ಡದು. ಊಟಕ್ಕೆ ಇಪ್ಪತ್ತು ನಿಮಿಷ, ಉಚ್ಚೆಗೆ ನಾಲ್ಕು ನಿಮಿಷ, ನೋವಿಗೆ ಮಾತ್ರೆ ಪುಕ್ಕಟೆ.

ನಾನು ಶರ್ಟಿಗೆ ಗುಂಡಿ ಹಾಕೋಳು. ನನ್ನ ಮುಂದಿನ ಮಿಷಿನ್‌ನಲ್ಲಿ ನಮ್ಮಕ್ಕ, ಕಾಲರ್ ಹೊಲಿಯೋಳು. ಗಂಟೆಗೆ ತೊಂಬತ್ತು ಕಾಲರ್. ಎಂಟು ವರ್ಷಕ್ಕೆ ಅವಳ ಭುಜ ಹಿಡ್ಕೊಂಡು ಕೈ ಎತ್ತೋಕೇ ಆಗ್ತಿರಲಿಲ್ಲ. "ಎರಡು ದಿನ ರಜೆ ಕೊಡಿ ಸಾರ್" ಅಂದಳು. ನಮ್ಮ ಸೂಪರ್‌ವೈಸರ್‌ಗೆ ನಾವಿಟ್ಟ ಹೆಸರು ಗಡಿಯಾರ. ಮನುಷ್ಯರ ಮುಖ ನೋಡೋ ಅಭ್ಯಾಸ ಅವನಿಗಿಲ್ಲ.

"ರಜೆ ಯಾಕಮ್ಮಾ? ನರ್ಸಮ್ಮನ ಹತ್ರ ಹೋಗು, ಬಿಳಿ ಮಾತ್ರೆ ಕೊಡ್ತಾರೆ" ಅಂದ.

ಆಹಾ, ಎಂಥಾ ಮಾತ್ರೆ! ನುಂಗಿದ ಅರ್ಧ ಗಂಟೆಗೆ ನೋವು ಮಾಯ. ಮೊದಲು ದಿನಕ್ಕೆ ಒಂದು, ವರ್ಷ ತುಂಬೋದ್ರಲ್ಲಿ ನಾಲ್ಕು. ಅರ್ಜೆಂಟ್ ಆರ್ಡರ್ ಬಂದಾಗ ಗಡಿಯಾರನೇ ಡಬ್ಬಿ ಹಿಡ್ಕೊಂಡು ಸಾಲುಸಾಲಿಗೂ ಹಂಚ್ತಿದ್ದ. ಹೆತ್ತ ತಾಯಿನೂ ಅಷ್ಟು ಅಕ್ಕರೆಯಿಂದ ತುತ್ತು ಕೊಡಲ್ಲ ಬಿಡಿ.

ಭಾನುವಾರ ಮಾತ್ರೆ ಇಲ್ಲ. ಅವತ್ತು ಅಕ್ಕ ಬೆವರಿ, ನಡುಗಿ, ವಾಂತಿ ಮಾಡಿ, ಮಗಳಿಗೆ ಸುಮ್ಮಸುಮ್ಮನೆ ಹೊಡೀತಿದ್ದಳು. ಸೋಮವಾರ ಮಾತ್ರೆ ಬಿದ್ದರೆ ಎಲ್ಲ ಸರಿ. "ನೋಡೇ, ನನಗೆ ಮನೇನೇ ಆಗಿಬರಲ್ಲ" ಅಂತ ನಗೋಳು. ನಾನೂ ದಿನಕ್ಕೊಂದು ನುಂಗ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ಹೀಗಿರುವಾಗ ನಮ್ಮ ಬಟ್ಟೆ ಕೊಳ್ಳೋ ಕಂಪನಿಯವರಿಗೆ ‘ವ್ಯಸನಮುಕ್ತ ಕಾರ್ಖಾನೆ’ ಅನ್ನೋ ಬೋರ್ಡ್ ಬೇಕಾಯ್ತು. ಮ್ಯಾನೇಜರ್ ಮೈಕ್ ಹಿಡಿದ. "ಇವತ್ತು ಮನೆಮನೆಗೂ ಕುಡಿತ, ಬೀದಿಬೀದಿಗೂ ಗಾಂಜಾ! ಚಟ ಮೈ ತಿನ್ನುತ್ತೆ, ಮನೆ ಮುರಿಯುತ್ತೆ!" ಅಂತ ಗಂಟಲು ಹರ್ಕೊಂಡ. ನಾವು ಚಪ್ಪಾಳೆ ತಟ್ಟಿದೆವು. ಆಮೇಲೆ ಹನ್ನೊಂದು ಜನರ ಉಚ್ಚೆ ಪರೀಕ್ಷೆ ಅಂದ. ಹನ್ನೊಂದೂ ಜನ ಕೈ ನಿಧಾನವಾದ ಹಳಬರೇ, ನಮ್ಮಕ್ಕನೂ ಸೇರಿ. ಏನು ಅದೃಷ್ಟವೋ!

ಅಕ್ಕನಿಗೆ ಎಳ್ಳಷ್ಟೂ ಭಯವಿಲ್ಲ. ಸಿಗರೇಟಿನ ಹೊಗೆಗೇ ಕೆಮ್ಮೋಳು ಅವಳು. ಪರೀಕ್ಷೆಯ ಸಾಲಿನಲ್ಲಿ ನಿಂತರೆ ಕೆಲಸ ಹಿಂದೆ ಬೀಳುತ್ತೆ ಅಂತ ಅವತ್ತು ಎರಡು ಮಾತ್ರೆ ಹೆಚ್ಚಿಗೆ ನುಂಗಿ ಹೋದಳು.

ಮೂರನೇ ದಿನ ಮ್ಯಾನೇಜರ್ ಆ ಹನ್ನೊಂದೂ ಜನರ ಹೆಸರು ಎಲ್ಲರ ಎದುರಿಗೆ ಓದಿದ: "ಮಾದಕ ವಸ್ತು ಪತ್ತೆ. ನಾಳೆಯಿಂದ ಯಾರೂ ಬರಬೇಡಿ."

"ನಾನು ನುಂಗಿದ್ದು ನೀವೇ ಕೊಟ್ಟ ಮಾತ್ರೆ ಸಾರ್!" ಅಂದಳು ಅಕ್ಕ.

"ಡಾಕ್ಟರ್ ಚೀಟಿ ತೋರಿಸು."

ಚೀಟಿ ಎಲ್ಲಿಂದ ತರ್ತಾಳೆ? ನರ್ಸಮ್ಮ ನೆಲ ನೋಡ್ತಿದ್ದಳು. "ಮಗಳಿಗೆ ಏನು ಹೇಳ್ಲೇ? ನಿಮ್ಮಮ್ಮ ಗಾಂಜಾದವಳು ಅಂತಲಾ?" ಅಂತ ಅಕ್ಕ ನನ್ನ ಕೈ ಹಿಡಿದು ಅತ್ತಳು.

ನನಗೆ ಮೈ ಉರಿದುಹೋಯ್ತು. ಮಿಷಿನ್ ನಿಲ್ಲಿಸಿ ಎದ್ದೆ.

"ನಂದೂ ಪರೀಕ್ಷೆ ಮಾಡಿ ಸಾರ್."

"ನೀನು ಪಟ್ಟೀಲಿಲ್ಲ. ಕೂತ್ಕೋ."

ಜೇಬು ಹೊಲಿಯೋಳು ಎದ್ದಳು. "ನಂದೂ ಮಾಡಿ." ತೋಳು ಹೊಲಿಯೋರು ಎದ್ದರು. ಒಂದೊಂದೇ ಮಿಷಿನ್ ನಿಂತು, ಮುನ್ನೂರು ಹೆಂಗಸರೂ ಎದ್ದು ನಿಂತರು. ನರ್ಸಮ್ಮನೂ ನಮ್ಮ ಕಡೆ ಬಂದು ನಿಂತಳು.

ಮ್ಯಾನೇಜರ್ ದನಿ ಬೆಣ್ಣೆಯಾಯ್ತು. "ಅಷ್ಟು ಜನಕ್ಕೆ ಪರೀಕ್ಷೆ ಕಪ್ ಇಲ್ವಲ್ಲಮ್ಮಾ..."

ಇಸ್ತ್ರಿ ಮಾಡೋ ಅಜ್ಜಿ ಊಟದ ಚೀಲದಿಂದ ನೀರಿನ ಬಾಟಲಿ ತೆಗೆದು, ನೀರನ್ನ ಅವನ ಬೂಟಿನ ಹತ್ರ ಸುರಿದಳು.

"ಬಾಟಲಿ ನಾವೇ ತಂದಿದ್ದೀವಿ ಸ್ವಾಮಿ. ಆ ಹನ್ನೊಂದು ಜನರನ್ನ ವಾಪಸ್ ಕೂರಿಸ್ತೀರೋ, ಇಲ್ಲ ಮುನ್ನೂರೂ ತುಂಬಿಸಿ, ಬಟ್ಟೆ ಜೊತೆ ಅದನ್ನೂ ಪ್ಯಾಕ್ ಮಾಡಿ ಬೋರ್ಡ್ ಕೇಳಿದ ಕಂಪನಿಗೆ ಕಳಿಸೋಣವೋ?"