ನರಹರಿ ಮಾವನ ದನಿ

ಸಂಜೆ ದೀಪ ಹಚ್ಚುವ ಹೊತ್ತಿಗೆ ನಮ್ಮ ಬೀದಿಯಲ್ಲಿ ಒಂದು ಕೂಗು ಹೊರಡುತ್ತಿತ್ತು. ಮೇಲಿನ ತುದಿಯ ಮನೆಯಿಂದ ಹೊರಟು, ಕಿಟಕಿಯಿಂದ ಕಿಟಕಿಗೆ ದಾಟುತ್ತ, ತಿರುವಿನಾಚೆಯ ಕೊನೆಯ ಮನೆಯನ್ನು ಹೋಗಿ ಮುಟ್ಟುತ್ತಿತ್ತು. "ಇದ್ದೀರಾ?" ಎಂದು ಒಂದು ಮನೆ ಕೇಳುವುದು, "ಇದ್ದೀವಿ" ಎಂದು ಪಕ್ಕದ ಮನೆ ಹೇಳಿ, ತನ್ನ ಮುಂದಿನ ಮನೆಯನ್ನು ಕೇಳುವುದು. ಅಷ್ಟೇ. ಕೂಗು ಹಾದುಹೋದ ಹಾಗೆ ಒಂದೊಂದೇ ಕಿಟಕಿ ಮುಚ್ಚಿಕೊಳ್ಳುತ್ತಿತ್ತು. ಆಮೇಲೆ ಬೆಳಗಾಗುವ ತನಕ ಬೀದಿ ಯಾರದೂ ಅಲ್ಲ.

ಅದು ರೋಗದ ವರ್ಷ. ಕಾಲೇಜಿಗೆ ಬೀಗ ಬಿದ್ದು ನಾನು ಅಜ್ಜಿಯ ಮನೆಗೆ ಬಂದು ಸೇರಿದ್ದೆ. ಮೂಗು ಬಾಯಿಗೆ ಬಟ್ಟೆ ಕಟ್ಟದೆ ಯಾರೂ ಹೊಸಿಲು ದಾಟುತ್ತಿರಲಿಲ್ಲ. ಪ್ರತಿ ಬಾಗಿಲ ಮುಂದೆ ಅರಿಸಿನ, ಬೇವಿನ ಸೊಪ್ಪು ಹಾಕಿ ಕಾಯಿಸಿದ ನೀರಿನ ಪಾತ್ರೆ. ತಂದ ತರಕಾರಿ ಮೊದಲು ಬಿಸಿಲಿನಲ್ಲಿ ಬಿದ್ದಿದ್ದು ಆಮೇಲೆ ಅಡಿಗೆಮನೆಗೆ. ಹಾಲಿನವನು ಬೀದಿಯಲ್ಲೇ ನಿಂತು ಸೀಳಿದ ಬಿದಿರಿನ ದಬ್ಬೆಯಲ್ಲಿ ಹಾಲು ಹರಿಸುತ್ತಿದ್ದ. ಈಚೆ ತುದಿಯಲ್ಲಿ ನಾವು ಪಾತ್ರೆ ಹಿಡಿಯುತ್ತಿದ್ದೆವು. ಕೂಸಿದ್ದ ಮನೆಯ ಮುಂದೆ ಆ ದಬ್ಬೆ ಇನ್ನೊಂದಿಷ್ಟು ಹೊತ್ತು ಬಾಗಿಯೇ ಇರುತ್ತಿತ್ತು. ಅವನೂ ಏನೂ ಹೇಳುತ್ತಿರಲಿಲ್ಲ, ಅವರೂ ಕೇಳುತ್ತಿರಲಿಲ್ಲ.

ಪಕ್ಕದ ಬೀದಿಯಲ್ಲಿ ಮುದುಕ ಮುದುಕಿ ಇಬ್ಬರು ಬಾಗಿಲು ಹಾಕಿಕೊಂಡ ಮನೆಯೊಳಗೇ ತೀರಿಹೋಗಿ, ಬಹಳ ದಿನ ಯಾರಿಗೂ ಗೊತ್ತೇ ಆಗಿರಲಿಲ್ಲ. ಆ ಮೇಲೆ ಈ ಕೂಗಿನ ಏರ್ಪಾಡು ಮಾಡಿದವರು ನರಹರಿ ಮಾವ. ಮೇಲಿನ ತುದಿಯ ಮನೆ ಅವರದು, ನಮ್ಮ ಮನೆಗೆ ಗೋಡೆಯಂಟಿದಂತೆ. ಭಜನೆಯಲ್ಲಿ ಪಳಗಿದ ಗಂಟಲು. ಎರಡು ಸಲ "ಹ್ಞೂಂ, ಹ್ಞೂಂ" ಎಂದು ಸರಿಮಾಡಿಕೊಂಡು ಕೂಗಿದರೆಂದರೆ ತಿರುವಿನಾಚೆಗೂ ಸಾಕು.

ತಿರುವಿನಾಚೆಯ ಕೊನೆಯ ಮನೆಯಲ್ಲಿದ್ದವರು ಅವರ ಅಕ್ಕ, ತುಂಗತ್ತೆ. ರೋಗ ಕಾಲಿಟ್ಟ ಹೊಸದರಲ್ಲೇ ಅವರ ಗಂಡನನ್ನು ಊರಾಚೆಯ ರೋಗಿಗಳ ಬಿಡಾರಕ್ಕೆ ಒಯ್ದಿದ್ದರು. ಅವರು ಹಿಂದಿರುಗಲಿಲ್ಲ. ತುಂಗತ್ತೆ ಊಟ ಬಿಟ್ಟರು. ಯಾರು ಎಷ್ಟು ಹೇಳಿದರೂ ತಟ್ಟೆಯ ಮುಂದೆ ಕೂತು ಎದ್ದುಬಿಡುತ್ತಿದ್ದರು. ಕೊನೆಗೆ ತಮ್ಮ ಹೋಗಿ ಬೀದಿಯಲ್ಲಿ ನಿಂತು, "ಅಕ್ಕಾ, ನಾನು ದಿನಾ ಕೂಗ್ತೀನಿ. ನನ್ನ ದನಿ ಕೇಳಿಸ್ತಿರೋ ತನಕ ನೀನು ಊಟ ಬಿಡೋ ಹಾಗಿಲ್ಲ. ಇದು ಆಣೆ" ಎಂದರು. ಅಂದಿನಿಂದ ಕೂಗು ಕೊನೆಯ ಮನೆ ಮುಟ್ಟಿದ ಮೇಲೆ ಅಲ್ಲಿಂದ ಒಂದು ಮಾತು ವಾಪಸು ಬರುವುದು: "ನರಹರೀ, ಎಲ್ಲಾ ಇದ್ದೀವಿ ಕಣೋ!" ಇವರು, "ಸರಿ ಅಕ್ಕಾ, ಊಟ ಮಾಡು ಹೋಗು!" ಎನ್ನುವರು. ತುಂಗತ್ತೆ ಉಣ್ಣುವರು.

ಮಾವನ ಹೆಂಡತಿ ಅಂಬುಜತ್ತೆಗೂ ತುಂಗತ್ತೆಗೂ ಮಾತಿರಲಿಲ್ಲ. ಹಿಂದೊಮ್ಮೆ ಹಬ್ಬದ ಪಂಕ್ತಿಯಲ್ಲಿ ತುಂಗತ್ತೆ ಹೋಳಿಗೆ ಮುರಿಯುತ್ತ, "ಇದು ಹೋಳಿಗೆಯೋ ರಟ್ಟೋ?" ಎಂದಿದ್ದರಂತೆ. ನೆಂಟರೆಲ್ಲ ನಕ್ಕರಂತೆ. ಅಂಬುಜತ್ತೆ ನಗಲಿಲ್ಲ. ಆಮೇಲೆ ವರ್ಷಗಟ್ಟಲೆ ಇಬ್ಬರ ನಡುವೆ ಮಾತೆಲ್ಲ ಮಾವನ ಮೂಲಕವೇ. "ಅವಳಿಗೆ ಹೇಳು," "ಅವರಿಗೆ ಹೇಳಿ." ಮಾವ ನಡುವೆ ನಿಂತು ಎರಡೂ ಕಡೆಯದನ್ನು ಮೆತ್ತಗೆ ಮಾಡಿ ದಾಟಿಸುತ್ತಿದ್ದರು.

ದೀಪಾವಳಿ ಹತ್ತಿರ ಬರುತ್ತಿದ್ದಾಗ ಒಂದು ಬೆಳಿಗ್ಗೆ ಬಿಡಾರದ ಗಾಡಿ ನಮ್ಮ ಬೀದಿಯ ಮೇಲಿನ ತುದಿಗೆ ಬಂದು ನಿಂತಿತು. ಮಾವ ತಾವೇ ನಡೆದು ಹೋಗಿ ಹತ್ತಿದರು. ಹತ್ತುವ ಮುಂಚೆ ಬೀದಿಯ ಕೆಳತುದಿಯ ಕಡೆ ಕೈ ತೋರಿಸಿ, ಆಮೇಲೆ ನಮ್ಮೆಲ್ಲರ ಕಿಟಕಿಗಳ ಕಡೆ ತಿರುಗಿ ಕೈ ಮುಗಿದರು. ಅಕ್ಕನಿಗೆ ತಿಳಿಯಬಾರದು ಎಂಬುದು ಅರ್ಥವಾಗದವರಿರಲಿಲ್ಲ. ಗಾಡಿಯವರು ಅವರ ಬಾಗಿಲಿಗೆ ಅಡ್ಡಲಾಗಿ ಸುಣ್ಣದ ಗೆರೆ ಎಳೆದು, ಅಂಬುಜತ್ತೆಗೆ ಗೆರೆ ದಾಟಬಾರದೆಂದು ಹೇಳಿ ಹೊರಟುಹೋದರು. ತಿರುವಿನಾಚೆಯ ತುಂಗತ್ತೆಗೆ ಇದು ಯಾವುದೂ ಕಾಣಲಿಲ್ಲ.

"ಇವತ್ತಿನ ಕೂಗು ಹ್ಯಾಗಜ್ಜೀ?" ಎಂದೆ.

"ನೀನೇ ಶುರುಮಾಡು. ಅವನಿಗೆ ನೆಗಡಿ, ಗಂಟಲು ಕಟ್ಟಿದೆ ಅಂತ ಹೇಳೋಣ."

"ನಾಳೆ?"

"ನಾಳೆಯ ಸುಳ್ಳು ನಾಳೆ ಹುಟ್ಟುತ್ತೆ. ಈಗ ದೀಪಕ್ಕೆ ಎಣ್ಣೆ ಹಾಕು."

ಸಂಜೆ ನಾನು ಕಿಟಕಿ ತೆರೆದು ಬಾಯಿಬಟ್ಟೆ ಸರಿಸಿದೆ. ಬೀದಿಯುದ್ದಕ್ಕೂ ಕಿಟಕಿಗಳು ಕಾಯುತ್ತಿದ್ದವು. ಇನ್ನೇನು ಕೂಗಬೇಕು, ಅಷ್ಟರಲ್ಲಿ ದೀಪವಿಲ್ಲದ ಪಕ್ಕದ ಮನೆಯೊಳಗಿಂದ "ಹ್ಞೂಂ, ಹ್ಞೂಂ" ಎಂದು ಕೇಳಿಸಿತು. ಆ ಮೇಲೆ, ದಪ್ಪ ದನಿಯಲ್ಲಿ, "ಇದ್ದೀರಾ?"

ಅದು ಮಾವನ ದನಿ. ಮಾವ ಗಾಡಿ ಹತ್ತಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಅಜ್ಜಿಯ ಕೈ ನನ್ನ ಮಣಿಕಟ್ಟನ್ನು ಹಿಡಿದುಕೊಂಡಿತು.

"ಇದ್ದೀರಾ?" ದನಿ ಮತ್ತೆ ಕೇಳಿತು.

"ಇದ್ದೀವಿ," ಎಂದೆ. ನನ್ನ ದನಿಯೇ ನನ್ನದಾಗಿ ಕೇಳಿಸಲಿಲ್ಲ. ಕೂಗು ಮುಂದೆ ಹೋಯಿತು. ಒಂದೊಂದು ಮನೆಯೂ ಒಂದು ಗಳಿಗೆ ತಡೆದು ಉತ್ತರ ಕೊಟ್ಟಿತು. ಕೊನೆಯಲ್ಲಿ ತುಂಗತ್ತೆಯ ಮಾತು ಎಂದಿನಂತೆ ಬಂತು. "ಸರಿ ಅಕ್ಕಾ, ಊಟ ಮಾಡು ಹೋಗು!" ಎಂದಿತು ಕತ್ತಲ ಮನೆ. ಅಂದು ಬೀದಿಯ ಕಿಟಕಿಗಳೆಲ್ಲ ಒಟ್ಟಿಗೇ ಮುಚ್ಚಿಕೊಂಡವು.

"ಅಜ್ಜೀ, ಮಾವ ಅಲ್ಲೇ ಹೋಗಿಬಿಟ್ರೇನೋ. ಅದಕ್ಕೇ..."

"ಬಾಯಿ ಮುಚ್ಚು. ಹೋದೋರು ಊಟದ ವಿಚಾರ ಮಾತಾಡಲ್ಲ," ಎಂದರು ಅಜ್ಜಿ. ಆದರೆ ಅಂದು ದೇವರ ಮುಂದಿನ ದೀಪವನ್ನು ಅವರು ಆರಲು ಬಿಡಲಿಲ್ಲ.

ಮರುದಿನ ಸಂಜೆ ನನಗೆ ತಡೆಯಲಾಗಲಿಲ್ಲ. ಹಿತ್ತಲಿನ ಗೋಡೆಯ ಪಕ್ಕದ ಒಗೆಯುವ ಕಲ್ಲು ಹತ್ತಿ ಅವರ ಪಡಸಾಲೆಯ ಕಿಟಕಿಯೊಳಗೆ ನೋಡಿದೆ. ಮಾವನ ಶಾಲು ಹೊದ್ದ ಆಕೃತಿಯೊಂದು ಬೀದಿಯ ಕಡೆಯ ಕಿಟಕಿಯ ಹತ್ತಿರ ಬಾಗಿ ನಿಂತಿತ್ತು. ಆಕೃತಿ ತಿರುಗಿತು. ಶಾಲಿನೊಳಗಿದ್ದವರು ಅಂಬುಜತ್ತೆ. ಕಿಟಕಿಯ ಕಟ್ಟೆಯ ಮೇಲೆ ಬರಿದಾದ ಮಣ್ಣಿನ ಗಡಿಗೆಯನ್ನು ಮಲಗಿಸಿಟ್ಟುಕೊಂಡು ಅದರ ಬಾಯಿಯೊಳಗೆ ಮಾತಾಡುತ್ತಿದ್ದರು. ಅವರ ಸಣ್ಣ ದನಿ ಒಳಗೆ ಹೋಗಿ ಮಾವನ ದನಿಯಾಗಿ ಈಚೆ ಬರುತ್ತಿತ್ತು. ನನ್ನನ್ನು ಕಂಡರೂ ನಿಲ್ಲಿಸಲಿಲ್ಲ. ಕಣ್ಣಿನಲ್ಲೇ ಬೇಡಿಕೊಂಡು ಮತ್ತೆ ಗಡಿಗೆಗೆ ಬಾಗಿದರು.

ಇದನ್ನು ಕೇಳಿ ಅಜ್ಜಿ, "ಯಾರ ಜತೆ ಮಾತು ಬಿಟ್ಟಿದ್ದಳೋ ಅವರ ಊಟಕ್ಕೆ ಕಾವಲು ನಿಂತಿದಾಳೆ ನೋಡು," ಎಂದರು.

ಹೆದರಿಕೆ ಅಷ್ಟಕ್ಕೇ ಹೋಗಬೇಕಿತ್ತು. ಹೋಗಲಿಲ್ಲ. ದಿನ ಕಳೆದ ಹಾಗೆ ಆ ದನಿ ಪಳಗಿತು. ತುಂಗತ್ತೆಗೂ ಎಂದಿನ ಎರಡು ಮಾತು ಸಾಲದೆ ಹೋಯಿತು. ಒಂದು ಸಂಜೆ, "ಏನೋ ನರಹರೀ, ಹಬ್ಬಕ್ಕೆ ನಿನ್ನ ಹೆಂಡ್ತಿ ಹೋಳಿಗೆ ಮಾಡ್ತಾಳೇನೋ? ಹಲ್ಲು ಜೋಪಾನ ಕಣಪ್ಪಾ!" ಎಂದು ಕೂಗಿದರು. ಕಿಟಕಿಗಳಲ್ಲಿ ನಗು ಎದ್ದಿತು. ಕತ್ತಲ ಮನೆ ಎರಡು ಸಲ ಗಂಟಲು ಸರಿಮಾಡಿಕೊಂಡಿತು.

"ಮಾಡ್ತಾಳೆ ಅಕ್ಕಾ. ಈಗ ಚೆನ್ನಾಗಿ ಮಾಡ್ತಾಳೆ."

ನಾನು ದಿನವೂ ಸುಣ್ಣದ ಗೆರೆಯ ಈಚೆ ಸಾರಿನ ಪಾತ್ರೆ ಇಟ್ಟು ಬರುತ್ತಿದ್ದೆ. ಅಲ್ಲಿ ಒಮ್ಮೊಮ್ಮೆ ನನಗಿಂತ ಮೊದಲೇ ಯಾರೋ ಹೂವನ್ನೋ ಹಪ್ಪಳವನ್ನೋ ಇಟ್ಟು ಹೋಗಿರುತ್ತಿದ್ದರು. ಒಂದು ಮಧ್ಯಾಹ್ನ ಪಾತ್ರೆ ಇಟ್ಟು, "ಅತ್ತೇ, ಏನಾದ್ರೂ ಬೇಕಾ?" ಎಂದು ಕೇಳಿದೆ. ಅರೆತೆರೆದ ಬಾಗಿಲ ಹಿಂದಿನಿಂದ ಎರಡು ಸಲ ಗಂಟಲು ಕೆರೆದ ಸದ್ದು.

"ಅಂಬುಜ ಒಳಗಿದಾಳೆ ಮಗೂ," ಎಂದಿತು ಮಾವನ ದನಿ. "ಕರೀತೀನಿ ಇರು."

ಅಲ್ಲಿ ಗಡಿಗೆ ಇರಲಿಲ್ಲ. ಬಾಗಿಲಿನ ಸಂದಿಯಲ್ಲಿ ಅಂಬುಜತ್ತೆಯ ಬರಿಗೈ ಕಾಣುತ್ತಿತ್ತು. ನಾನು ಓಡಿಬಂದೆ.

ಬಿಡಾರದಿಂದ ಸುದ್ದಿ ಬರುತ್ತಿರಲಿಲ್ಲ. ಅಲ್ಲಿಗೆ ಹೋದವರು ವಾಪಸು ಬಂದರೆ ಬಂದರು. ಹಬ್ಬ ಮಾತ್ರ ತನ್ನ ಪಾಡಿಗೆ ಬಂತು. ನೀರು ತುಂಬಿದೆವು, ಹಂಡೆಗೆ ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದೆವು, ಎಣ್ಣೆ ಹಚ್ಚಿಕೊಂಡು ಮಿಂದೆವು. ಪಟಾಕಿಯ ಸದ್ದಿಲ್ಲ. ಮನೆಯಿಂದ ಮನೆಗೆ ಕಜ್ಜಾಯ ಹೊತ್ತು ಹೋಗುವವರಿಲ್ಲ. ಕೂಗು ಹಾದುಹೋಗುವಾಗ ಸಾಲು ಹಣತೆಗಳ ಹಿಂದೆ ಬಟ್ಟೆ ಕಟ್ಟಿದ ಮುಖಗಳು, ಬರೀ ಕಣ್ಣುಗಳು.

ಪಾಡ್ಯದ ಸಂಜೆ ಕೊನೆಯ ಮನೆಯಿಂದ ಆ ಮಾತು ಬಂದೇ ಬಂತು.

"ನರಹರೀ! ನಾಳೆ ಬಿದಿಗೆ. ನೆನಪಿದೆಯೇನೋ?"

ಬಿದಿಗೆಯ ದಿನ ತಮ್ಮ ಅಕ್ಕನ ಮನೆಯಲ್ಲಿ ಉಣ್ಣಬೇಕು. ಯಮನೇ ಆ ದಿನ ತಂಗಿಯ ಮನೆಗೆ ಊಟಕ್ಕೆ ಹೋಗುತ್ತಾನೆ ಎಂದು ಅಜ್ಜಿ ಪ್ರತಿ ವರ್ಷ ಹೇಳುತ್ತಿದ್ದ ಕತೆಯನ್ನು ಆ ವರ್ಷ ಹೇಳಿರಲಿಲ್ಲ.

"ಒಳಗೆ ಬರೋದು ಬೇಡ. ಜಗಲಿ ಮೇಲೆ ಎಲೆ ಹಾಕಿಟ್ಟಿರ್ತೀನಿ. ನಾನು ಕಿಟಕಿಯಿಂದ ನೋಡ್ತೀನಿ. ನೀನು ಉಂಡಮೇಲೇ ನಾನು ಉಣ್ಣೋದು. ಬರ್ತೀಯೇನೋ?"

ಬೀದಿಯೆಲ್ಲ ಕಾದಿತು.

"ಬರ್ತೀನಿ ಅಕ್ಕಾ," ಎಂದಿತು ದನಿ.

ಅಜ್ಜಿ ಹಣೆ ಒತ್ತಿಕೊಂಡರು. "ಯಾಕೆ ಒಪ್ಪಿಕೊಂಡಳೇ ಇವಳು! ದನಿಯನ್ನೇನೋ ಗಡಿಗೆ ಕೊಟ್ಟಿತು. ಎಲೆ ಮುಂದೆ ಕೂರೋದು ಯಾರು? ಆ ಎಲೆ ಖಾಲಿ ಉಳಿದರೆ ತುಂಗ ಇನ್ನು ಅನ್ನ ಮುಟ್ಟಿದ ಹಾಗೇ."

ಬಿದಿಗೆಯ ಮಧ್ಯಾಹ್ನ ಅಜ್ಜಿ ಪಾಯಸದ ಪಾತ್ರೆ ನನ್ನ ಕೈಗಿತ್ತರು. "ತುಂಗನ ಜಗಲಿ ತುದಿಯಲ್ಲಿಟ್ಟು ಬಾ. ಏನಾಗುತ್ತೋ ನೋಡ್ಕೊಂಡೂ ಬಾ." ನಾನು ಬೀದಿಗಿಳಿದೆ. ಮೇಲಿನ ಮನೆಯ ಬಾಗಿಲು ತೆರೆಯಿತು. ಸುಣ್ಣದ ಗೆರೆಯನ್ನು ಯಾರೋ ಅಳಿಸಿದ್ದರು. ಶಾಲು ಹೊದ್ದು, ಪಂಚೆ ಉಟ್ಟು, ಮುಖಕ್ಕೆ ಬಟ್ಟೆ ಕಟ್ಟಿದ ಒಂದು ಮೂರ್ತಿ ಮೆಲ್ಲಗೆ ಮೆಟ್ಟಿಲಿಳಿಯಿತು. ಮಾವನದೇ ನಡಿಗೆ, ಎಡ ಭುಜ ಒಂಚೂರು ಕೆಳಗೆ. ಎಷ್ಟು ಚೆನ್ನಾಗಿ ಕಲಿತಿದ್ದಾರೆ ಅತ್ತೆ ಎಂದುಕೊಂಡೆ. ಅಷ್ಟರಲ್ಲಿ, ಆ ಮೂರ್ತಿಯ ಹಿಂದೆ, ಸೆರಗಿನಡಿ ಗಡಿಗೆಯನ್ನು ಮುಚ್ಚಿ ಹಿಡಿದು ಅಂಬುಜತ್ತೆ ಇಳಿದು ಬಂದರು.

ಹಾಗಾದರೆ ಮುಂದೆ ಹೋಗುತ್ತಿರುವವರು ಯಾರು?

ಆ ಮೂರ್ತಿ ನನ್ನ ಹತ್ತಿರ ಬಂದು ನಿಂತಿತು. ಬಟ್ಟೆಯ ಮೇಲೆ ಎರಡು ಗುಳಿಬಿದ್ದ ಕಣ್ಣು. "ಮಾವ?" ಎಂದೆ. ಬಟ್ಟೆ ಅಲುಗಿತು. ಸದ್ದು ಬರಲಿಲ್ಲ.

"ಬೆಳಿಗ್ಗೆ ಹಿತ್ತಲ ಕಡೆ ಗಾಡಿ ತಂದು ಇಳಿಸಿ ಹೋದರು," ಎಂದರು ಹಿಂದಿದ್ದ ಅಂಬುಜತ್ತೆ. "ಜೀವ ಉಳೀತು. ಗಂಟಲು ಹೋಯ್ತು." ಅದನ್ನೂ ಅವರು ಹೇಳಿದ್ದು ಮಾವನ ದನಿಯಲ್ಲೇ. ಹೇಳುತ್ತಿರುವುದು ಯಾವ ದನಿಯೆಂಬ ಪರಿವೆ ಅವರಿಗಿದ್ದಂತೆ ಕಾಣಲಿಲ್ಲ. ಮಾವ ಆಗಲೇ ಮುಂದೆ ನಡೆದಿದ್ದರು, ಅವರಿಗೆ ಕೇಳಿಸಲಿಲ್ಲ.

ತುಂಗತ್ತೆಯ ಜಗಲಿಯ ಮೇಲೆ ಬಾಳೆಲೆ ಕಾದಿತ್ತು. ಮಾವ ಕೂತರು. ಅಂಬುಜತ್ತೆ ಮಲ್ಲಿಗೆ ಚಪ್ಪರದ ಮರೆಗೆ ಸರಿದು ಗಡಿಗೆ ಎತ್ತಿಕೊಂಡರು. ನಾನು ಪಾಯಸ ಹಿಡಿದು ಬೀದಿಯಲ್ಲಿ ನಿಂತುಬಿಟ್ಟೆ. ಕಿಟಕಿಯ ಸರಳುಗಳ ಹಿಂದೆ ತುಂಗತ್ತೆಯ ಮುಖ ಬಂತು.

"ಬಂದೆಯಾ ನನ್ನಪ್ಪಾ! ಎಷ್ಟು ಸಣ್ಣಗಾಗಿದೀಯೋ!"

"ಇಲ್ಲ ಅಕ್ಕಾ, ಹಾಗೇ ಇದೀನಿ," ಎಂದಿತು ಚಪ್ಪರ.

ಮಾವನ ಬೆನ್ನು ಸೆಟೆಯಿತು. ಹೆಂಡತಿ ಮನೆಯಲ್ಲಿ ಎಲ್ಲವನ್ನೂ ಪಿಸುಮಾತಿನಲ್ಲಿ ಹೇಳಿಯೇ ಕರೆತಂದಿರಬೇಕು. ಆದರೆ ಕಳೆದುಹೋದ ತನ್ನ ದನಿ ತನ್ನ ಹಿಂದಿನಿಂದ ಬರುವುದನ್ನು ಕೇಳುವುದೇ ಬೇರೆ. ಅವರು ತಿರುಗಿ ನೋಡಲಿಲ್ಲ. ಮುಖದ ಬಟ್ಟೆ ಇಳಿಸಿ, ಒಂದು ತುತ್ತು ಬಾಯಿಗಿಟ್ಟರು.

"ಹೇಗಿದೆಯೋ?"

"ಚೆನ್ನಾಗಿದೆ ಅಕ್ಕಾ."

ತುಂಗತ್ತೆ ನೋಡುತ್ತಲೇ ಇದ್ದರು. ತಮ್ಮನ ಬಾಯಿಯಲ್ಲಿ ತುತ್ತಿತ್ತು. ಮಾತಿಗೆ ತುಟಿ ಅಲುಗಿರಲಿಲ್ಲ.

"ಅಂಬುಜಾ," ಎಂದರು ತುಂಗತ್ತೆ. ಎಷ್ಟೋ ವರ್ಷಗಳ ಮೇಲೆ ಆ ಬಾಯಲ್ಲಿ ಬಂದ ಹೆಸರು. "ಮರೆಯಿಂದ ಈಚೆ ಬಾ."

ಅಂಬುಜತ್ತೆ ಗಡಿಗೆಯನ್ನು ಕೆಳಗಿಟ್ಟು ಈಚೆ ಬಂದರು. ತಲೆ ಎತ್ತಲಿಲ್ಲ.

"ನಂಗೆ ಅವತ್ತೇ ಅನುಮಾನ ಬಂತು. ಹೋಳಿಗೆ ಚೆನ್ನಾಗಿ ಮಾಡ್ತಾಳೆ ಅಂದ್ಯಲ್ಲ, ಅವತ್ತು. ನಮ್ಮ ನರಹರಿ ಸುಳ್ಳು ಹೇಳೋನಲ್ಲ."

ಮಾವನ ಭುಜಗಳು ಅಲುಗಿದವು. ನಗುತ್ತಿದ್ದರು, ಸದ್ದಿಲ್ಲದೆ.

"ಆದರೂ ಊಟ ಮಾಡಿದೆ ಕಣೇ," ಎಂದರು ತುಂಗತ್ತೆ. "ಇವನು ಇದಾನೋ ಇಲ್ಲವೋ ಅಂತ ದಿನಾ ಸಾಯ್ತಾ ಇದ್ದೆ. ಆದರೆ ನಾನು ಉಣ್ಣಲಿ ಅಂತ ನೀನು ಅಷ್ಟು ಕಷ್ಟಪಡ್ತಿರೋವಾಗ ಎಲೆ ಹೇಗೆ ನೂಕಲಿ?"

ಅಂಬುಜತ್ತೆ ಮಾತಾಡಲು ಬಾಯಿ ತೆರೆದರು. "ಅತ್ತಿಗೇ..." ಬಂದದ್ದು ಮಾವನ ದನಿ. ಬೆಚ್ಚಿ, ಗಂಟಲು ಕೆರೆದುಕೊಂಡು ಮತ್ತೆ ಪ್ರಯತ್ನಿಸಿದರು. ಮತ್ತೆ ಅದೇ. ಮೂರನೆಯ ಸಲ ಕೈಯಿಂದ ಬಾಯಿ ಮುಚ್ಚಿಕೊಂಡರು. ದಾರಿ ತಪ್ಪಿದ ಮಗುವಿನ ಹಾಗೆ ಅವರ ಕಣ್ಣು ಒಬ್ಬೊಬ್ಬರನ್ನೇ ನೋಡಿತು.

"ಬರುತ್ತೆ ಬಿಡು," ಎಂದರು ತುಂಗತ್ತೆ, ಬಹಳ ಮೆಲ್ಲಗೆ. "ನಿಂದು ಎಲ್ಲೂ ಹೋಗಿಲ್ಲ. ಅವನ ಪಕ್ಕ ಇನ್ನೊಂದು ಎಲೆ ಇದೆ ನೋಡು, ಮಗುಚಿ ಹಾಕಿದೀನಿ. ಕೂತ್ಕೋ. ನಾನೂ ಇಲ್ಲೇ ಕಿಟಕಿ ಹತ್ರ ಉಣ್ತೀನಿ."

ಅವರು ಒಳಗಿನಿಂದ ತಟ್ಟೆ ತಂದುಕೊಂಡು, ಎಲ್ಲರಿಗೂ ಕಾಣುವಂತೆ ಮೊದಲ ತುತ್ತು ಉಂಡರು. ನಾನು ಪಾಯಸದ ಪಾತ್ರೆಯನ್ನು ಜಗಲಿಯ ತುದಿಯಲ್ಲಿಟ್ಟೆ.

ಅಂಬುಜತ್ತೆ ಗಂಡನ ಪಕ್ಕ ಕೂತರು, ಬಾಯಿಗೆ ಒತ್ತಿದ ಕೈ ತೆಗೆಯದೆ. ಮಾವ ಆ ಕೈಯನ್ನು ಬಿಡಿಸಿ ಅವರ ತೊಡೆಯ ಮೇಲಿಟ್ಟರು. ಆಮೇಲೆ ತಮ್ಮ ಎಡಗೈಯ ಬೆರಳುಗಳನ್ನು ಅವರ ಕೊರಳಿನ ಮೇಲೆ, ಮಲಗಿದ ಕೂಸಿನ ಉಸಿರು ನೋಡುವವರ ಹಾಗೆ, ಹಗುರವಾಗಿ ಇಟ್ಟು ಕಣ್ಣು ಮುಚ್ಚಿ ಕೂತರು. ಅಂಬುಜತ್ತೆ ಏನೋ ಹೇಳಿದರು, ಯಾವ ದನಿಯಲ್ಲೋ. ನನಗೆ ಕೇಳಿಸಲಿಲ್ಲ. ಬೆರಳುಗಳು ಮಾತ್ರ ಅಲುಗಿದವು.