ಮೆಣಸಿನಕಾಯಿ ಹೊಗೆ

ಹೆರಿಗೆಯಾದ ಮೇಲೆ ನಾನು ದಿನವಿಡೀ ಅಳುತ್ತಿದ್ದೆ. ಮಗುವನ್ನು ಎತ್ತಿಕೊಳ್ಳಲೂ ಮನಸ್ಸಾಗುತ್ತಿರಲಿಲ್ಲ. ಗಾಳಿ ಸೋಕಿದೆ ಎಂದು ಅತ್ತೆ ಮಹಾದೇವಮ್ಮ ನನ್ನನ್ನು ಸೊರಬದ ರಸ್ತೆಯಲ್ಲಿದ್ದ ದೆವ್ವ ಬಿಡಿಸುವವನ ಮನೆಗೆ ಎಳೆದೊಯ್ದರು. ಅವನು ಮುಖಕ್ಕೆ ಮೆಣಸಿನಕಾಯಿ ಹೊಗೆ ಹಿಡಿದು ಬೇವಿನ ಕೋಲಿನಿಂದ ಬಾರಿಸಿದ. ನಾನು ತಪ್ಪಿಸಿಕೊಳ್ಳದಂತೆ ಹಿಂದಿನಿಂದ ಎರಡೂ ಕೈ ಹಿಡಿದವರು ಅತ್ತೆಯೇ. "ಹೆದರ್ಬ್ಯಾಡ, ಎಲ್ಲಾ ನಿನ್ನ ಒಳ್ಳೇದಕ್ಕೇ" ಎನ್ನುತ್ತಿದ್ದರು.

ನನ್ನನ್ನು ಉಳಿಸಿದ್ದು ಶಿಕಾರಿಪುರದ ಡಾಕ್ಟರು. ಅವರ ಮಾತ್ರೆ, ವಾರವಾರದ ಕೌನ್ಸೆಲಿಂಗ್. ನಾನು ಹೊರಟಾಗಲೆಲ್ಲ ಅತ್ತೆ "ಹುಚ್ಚರ ಡಾಕ್ಟ್ರು" ಎಂದು ಕೇರಿಗೆಲ್ಲ ಕೇಳುವಂತೆ ನಗುತ್ತಿದ್ದರು.

ಮಾವ ತೀರಿಕೊಂಡ ಮೇಲೆ ಈಗ ಅತ್ತೆಗೆ ನಿದ್ದೆಯಿಲ್ಲ, ಊಟ ಸೇರುವುದಿಲ್ಲ. ನಿನ್ನೆ ಅಡುಗೆಮನೆಗೆ ಬಂದು ಪಿಸುಗುಟ್ಟಿದರು. "ವಾಣಿ, ನಿನ್ನ ಡಾಕ್ಟ್ರ ಹತ್ರ ನನ್ನೂ ಕರ್ಕಂಡು ಹೋಗೇ. ಯಾರಿಗೂ ಹೇಳ್ಬ್ಯಾಡ."

ಬೆಳಿಗ್ಗೆ ಸ್ಕೂಟಿಯಲ್ಲಿ ಹಿಂದೆ ಕೂರಿಸಿಕೊಂಡು ಸೊರಬದ ರಸ್ತೆ ಹಿಡಿದೆ. ಆ ಮನೆಯ ಬಾಗಿಲಲ್ಲಿ ಗಾಡಿ ನಿಲ್ಲಿಸುತ್ತಲೇ ಒಳಗಿನಿಂದ ಬಂದ ಘಾಟಿಗೆ ಅತ್ತೆ ಕೆಮ್ಮಿದರು.

"ಇಲ್ಲಿಗ್ಯಾಕೆ ಬಂದ್ವಿ?"

"ನಿಮಗೂ ಗಾಳಿ ಸೋಕಿರ್ಬೇಕು. ಇಳೀರಿ ಅತ್ತೆ. ಹೆದರ್ಬ್ಯಾಡ್ರಿ, ಕೈ ನಾನು ಹಿಡ್ಕಂತೀನಿ."