ಸೌಟು ಹಿಡಿದವರ ಮಾತು

ತಾನು ತೋಡಿದ ಹಳ್ಳಕ್ಕೆ ತಾನೇ ಬೀಳೋದು ಅಂದ್ರೆ ಇದೇ ನೋಡಿ. ಚಿತ್ರೀಕರಣದ ಮೊದಲ ದಿನ ನಿರ್ದೇಶಕ ಎದೆ ತಟ್ಟಿಕೊಂಡು, "ಈ ಹಿರಿಯರು ಹೇಗೆ ಬದುಕಿದ್ರೋ ನಾವೂ ಹಾಗೇ ಕೆಲಸ ಮಾಡೋಣ. ಅವರ ಸೌಟಿನ ನಿಯಮ ಇಲ್ಲೂ ಇರ್ಲಿ!" ಅಂದುಬಿಟ್ಟ. ಎಲ್ಲರೂ ಚಪ್ಪಾಳೆ ಹೊಡೆದರು. ಪಾಪ, ಅವನು ತಮಾಷೆಗೆ ಹೇಳಿದ್ದು. ಆ ಏಳು ಹಿರಿಯರು ಮಾತ್ರ ನಿಜ ಅಂತ ನಂಬಿದರು.

ಸಿನಿಮಾ ಹಿಪ್ಪಿಗಳ ಮೇಲೆ, ಹಾಸ್ಯದ್ದು. ಊರಾಚೆಯ ಹಾಳು ಇಟ್ಟಿಗೆ ಕಾರ್ಖಾನೆಯಲ್ಲಿ ಒಂದು ಕಾಲಕ್ಕೆ ಮೂವತ್ತು ಜನ ಒಂದೇ ಒಲೆ, ಒಂದೇ ಬಟ್ಟೆ ರಾಶಿ ಅಂತ ಕೂಡಿ ಬಾಳಿದ್ದರು. ಈಗ ಉಳಿದಿರೋದು ಏಳೇ ಜನ, ಐದು ಮುದುಕರು, ಇಬ್ಬರು ಮುದುಕಿಯರು. ಹಿಪ್ಪಿಗಳ ಗುಂಪಾಗಿ ನಿಲ್ಲೋಕೆ ನಿರ್ದೇಶಕ ಅವರನ್ನೇ ಕರೆತಂದಿದ್ದ. ಗಡ್ಡ ಅಂಟಿಸೋ ಕೆಲಸವಾದರೂ ಉಳೀತಲ್ಲ!

ಅವರ ನಿಯಮ ಇಷ್ಟೇ. ಯಾವ ಕೆಲಸಕ್ಕೂ ಮುಂಚೆ ಎಲ್ಲರೂ ಸುತ್ತ ಕೂರಬೇಕು, ಮರದ ಸೌಟು ಕೈಯಿಂದ ಕೈಗೆ ಹೋಗಬೇಕು. ಸೌಟು ಹಿಡಿದವರು ಮಾತಾಡ್ತಾರೆ, ಉಳಿದವರು ಬಾಯಿ ಮುಚ್ಚಿರ್ತಾರೆ. ಒಬ್ಬರು 'ಒಪ್ಪಲ್ಲ' ಅಂದರೂ ಕೆಲಸ ನಿಲ್ಲುತ್ತೆ. ಎಲ್ಲರೂ ಪಲ್ಲಕ್ಕಿ ಹತ್ತಿದರೆ ಹೊರುವವರು ಯಾರು ಹೇಳಿ? ಎರಡನೇ ದಿನ ದೀಪ ಎಡಕ್ಕಿಡೋದೋ ಬಲಕ್ಕಿಡೋದೋ ಅನ್ನೋ ತೀರ್ಮಾನ ಆಗೋಷ್ಟರಲ್ಲಿ ಬಿಸಿಲೇ ಹೊರಟುಹೋಗಿತ್ತು. ಛಾಯಾಗ್ರಾಹಕ ತಲೆ ಮೇಲೆ ಕೈಹೊತ್ತು ಕೂತಿದ್ದ.

ಸಿನಿಮಾಕ್ಕೆ ಬಟ್ಟೆ ಹೊಲಿಯೋಕೆ ಬಂದಿದ್ದ ದರ್ಜಿಗೆ ಮಾತ್ರ ಇದ್ಯಾವುದೂ ಹೊಸದಲ್ಲ. ಅವಳು ಹುಟ್ಟಿದ್ದೇ ಆ ಕಾರ್ಖಾನೆಯಲ್ಲಿ. ಏಳು ಜನರಲ್ಲಿ ಹೂವಿನ ಲಂಗದ ಮುದುಕಿ ಇದ್ದಳಲ್ಲ, ಅವಳೇ ಇವಳ ಹೆತ್ತಮ್ಮ. ಆದರೆ ಈ ಗುಟ್ಟು ಸೆಟ್ಟಿನಲ್ಲಿ ಆ ಏಳು ಜನ ಬಿಟ್ಟು ಇನ್ನೊಬ್ಬರಿಗೂ ಗೊತ್ತಿಲ್ಲ. ಮಗಳು ಅಮ್ಮನನ್ನ 'ಅಜ್ಜಿ' ಅಂತಿದ್ದಳು, ಅಮ್ಮ ಮಗಳನ್ನ 'ಮೇಡಂ' ಅಂತಿದ್ದಳು. ಉಳಿದ ಆರು ಜನವೂ ಗುರುತಿಲ್ಲದವರ ಹಾಗೆ ನಡೆದುಕೊಂಡರು. ಶಾಲೆಯಲ್ಲಿ ಹುಡುಗಿಯರು 'ನಿಮ್ಮಪ್ಪ ಯಾರೇ?' ಅಂತ ಕೇಳಿ ಕೇಳಿ ನಕ್ಕ ಮೇಲೆ ಅವಳು ಆ ವಿಷಯಕ್ಕೆ ಬೀಗ ಹಾಕಿದ್ದಳು. ಇಪ್ಪತ್ತು ವರ್ಷ ಕಂಡವರ ಬಟ್ಟೆಗೆ ಗುಂಡಿ ಹೊಲಿದು, ಈಗ ಮೊದಲ ಸಲ ಪರದೆ ಮೇಲೆ 'ವಸ್ತ್ರ ವಿನ್ಯಾಸ' ಅಂತ ಅವಳ ಹೆಸರು ಬರೋದಿತ್ತು. ಅದನ್ನ ಕಳಕೊಳ್ಳೋಕೆ ಅವಳಿಗೆ ಮನಸ್ಸಿರಲಿಲ್ಲ.

ಒಂಬತ್ತನೇ ದಿನ ಕೂಸಿನ ದೃಶ್ಯ. ಊಟದ ಹೊತ್ತಿಗೆ ಕೂಸೊಂದು ಅಳುತ್ತೆ. ಒಬ್ಬ ಎತ್ತಿಕೊಂಡು 'ನಂದಲ್ಲಪ್ಪಾ' ಅಂತ ಪಕ್ಕದವನಿಗೆ ದಾಟಿಸ್ತಾನೆ, ಅವನು ಇನ್ನೊಬ್ಬಳಿಗೆ. ತಾಯಿ ಅನ್ನೋಳು ಹೊಗೆ ಬಿಡುತ್ತಾ, 'ಯಾರದೋ ಇರಬೇಕು ಬಿಡಿ' ಅಂತಾಳೆ. ಕೊನೆಗೆ ಕೂಸನ್ನ ಖಾಲಿ ಪಾತ್ರೆಯಲ್ಲಿ ಮಲಗಿಸಿ ಎಲ್ಲರೂ ಕುಣಿಯೋಕೆ ಹೋಗ್ತಾರೆ. ಆ ತಾಯಿಯ ಪಾತ್ರ ಹೂವಿನ ಲಂಗದ ಮುದುಕಿಯ ಕಥೆ ಕೇಳಿಯೇ ಬರೆದದ್ದಂತೆ, ನಿರ್ದೇಶಕನೇ ಹೇಳಿಕೊಂಡ. ಗೊಂಬೆ ಇಟ್ಟು ಒಂದು ಸಲ ಆಡಿ ತೋರಿಸಿದಾಗ ಸೆಟ್ಟಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ದರ್ಜಿ ಆಗ ಮಂಡಿಯೂರಿ ಅಮ್ಮನ ಲಂಗದ ಅಂಚಿಗೆ ಪಿನ್ನು ಚುಚ್ಚುತ್ತಿದ್ದಳು. ಅಮ್ಮ ಲಂಗವನ್ನ ಅವಳ ಬೆರಳಿಂದ ಬಿಡಿಸಿಕೊಂಡು ಹಿಂದೆ ಸರಿದಳು.

ಸೌಟು ಸುತ್ತೋಕೆ ಶುರುವಾಯ್ತು. ಮೊದಲು ಬಂದದ್ದು ಅಮ್ಮನ ಕೈಗೆ. ಜೀವಮಾನವಿಡೀ ಉಪ್ಪು ಹೆಚ್ಚಾಯ್ತು ಅಂತ ಕೂಡ 'ಒಪ್ಪಲ್ಲ' ಅಂದಿದ್ದ ಹೆಂಗಸು ಅದು! ಅವಳು ಸೌಟು ಹಿಡಿದು ಮಗಳ ಮುಖ ನೋಡಿದಳು, ತಲೆ ತಗ್ಗಿಸಿದಳು.

"ಒಪ್ಪಿಗೆ," ಅಂದಳು.

ಉಳಿದ ಆರು ಮಂದಿ ಬೆಕ್ಕಸಬೆರಗಾದರು. ಆಮೇಲೆ ಅವರೂ ಒಬ್ಬೊಬ್ಬರಾಗಿ 'ಒಪ್ಪಿಗೆ' ಅಂತ ಗೊಣಗಿದರು. ದರ್ಜಿಗೆ ಗೊತ್ತಾಯ್ತು. ಮಗಳ ಹೆಸರು ಪರದೆ ಮೇಲೆ ಬರ್ಲಿ ಅಂತ ಅಮ್ಮ ತನ್ನ ಮಾನಾನೇ ಬಿಟ್ಟುಕೊಟ್ಟಳಲ್ಲ! ಸೌಟು ದರ್ಜಿಯ ಕೈಗೆ ಬಂತು. ದಿನಾ ತಲೆ ಎತ್ತದೆ 'ಒಪ್ಪಿಗೆ' ಅಂತ ದಾಟಿಸ್ತಿದ್ದವಳು ಇವತ್ತು ಎದ್ದು ನಿಂತಳು.

"ಒಪ್ಪಲ್ಲ."

"ಅಯ್ಯೋ, ನಿಮಗೇನಮ್ಮಾ? ನೀವು ಬಟ್ಟೆ ನೋಡ್ಕೊಳ್ಳಿ," ಅಂದ ನಿರ್ದೇಶಕ.

"ಸೌಟು ನನ್ನ ಕೈಲಿದೆ. ಸುಮ್ನಿರಿ." ಅವಳು ಅಮ್ಮನ ಕಡೆ ಕೈ ತೋರಿದಳು. "ಈಕೆ ನಮ್ಮಮ್ಮ. ಆ ಪಾತ್ರೆಯಲ್ಲಿರೋ ಕೂಸು ನಾನು."

ಅಮ್ಮ ಗಾಬರಿಯಾಗಿ ಅವಳ ಸೆರಗು ಜಗ್ಗಿದಳು. "ಮೇಡಂ, ಬೇಡ, ಕೆಲಸ ಹೋಗುತ್ತೆ."

"ಹೋಗ್ಲಿ ಬಿಡಮ್ಮ!" ಅಂದು ಅವಳು ನಿರ್ದೇಶಕನ ಕಡೆ ತಿರುಗಿದಳು. "ಇವರನ್ನ ನೋಡಿ ನಗಿ, ಬೇಡ ಅನ್ನಲ್ಲ. ಬದನೆ ಸಸಿ ನೆಡೋದಾ ಬೇಡ್ವಾ ಅಂತ ಹದಿನೈದು ದಿನ ಸೌಟು ಸುತ್ತಿಸಿದ್ರು, ಅಷ್ಟರಲ್ಲಿ ಸಸೀನ ಆಡು ತಿಂತು. ಅದನ್ನ ಸಿನಿಮಾದಲ್ಲಿ ತೋರಿಸಿ, ನಾನೇ ಮೊದಲು ನಗ್ತೀನಿ. ಆದ್ರೆ ಇದು ಸುಳ್ಳು. ನನ್ನನ್ನ ಯಾರೂ 'ನಂದಲ್ಲ' ಅಂದಿಲ್ಲ."

ಹಿಂದೆ ದೀಪದ ಹತ್ತಿರ ಯಾರೋ ಕಿಸಕ್ಕನೆ ನಕ್ಕರು. ನಿರ್ದೇಶಕನಿಗೂ ಧೈರ್ಯ ಬಂತು. "ಹಾಗಾದ್ರೆ ಹೇಳಿ, ಈ ಐವರಲ್ಲಿ ನಿಮ್ಮಪ್ಪ ಯಾರು?"

ಅದೇ ಪ್ರಶ್ನೆ. ಶಾಲೆಯ ಅಂಗಳದಲ್ಲಿ ಅವಳನ್ನ ಮೂಲೆಗೆ ತಳ್ಳಿದ್ದು ಇದೇ. ಅವಳು ಐದೂ ಬಿಳಿ ಗಡ್ಡಗಳನ್ನ ನೋಡಿದಳು. ನಾಚಿಕೆ ಆಗುತ್ತೆ ಅಂದುಕೊಂಡಿದ್ದಳು, ಆಗಲಿಲ್ಲ.

"ಗೊತ್ತಿಲ್ಲ," ಅಂದಳು. "ನಾನು ಯಾವತ್ತೂ ಕೇಳಲಿಲ್ಲ. ನಂಗೆ ಜ್ವರ ಬಂದಾಗ ಐದೂ ಜನ ಹಾಸಿಗೆ ಸುತ್ತ ಕೂತಿರ್ತಿದ್ರು, ಒದ್ದೆ ಬಟ್ಟೆ ಇಡೋ ಸರದಿ ನಂದು, ನಂದು ಅಂತ ಜಗಳ ಆಡ್ತಿದ್ರು. ನಿಮಗೆ ಜ್ವರ ಬಂದಾಗ ಎಷ್ಟು ಜನ ಅಪ್ಪಂದಿರು ಕೂತಿದ್ರು ಸಾರ್?"

ಯಾರೂ ನಗಲಿಲ್ಲ. ಐವರಲ್ಲಿ ಒಬ್ಬ ಗಡ್ಡದೊಳಗೇ ಬಿಕ್ಕಿದ, ಪಕ್ಕದವನು ಅವನ ಬೆನ್ನು ತಟ್ಟಿದ. ಅಮ್ಮ ಸರಿದು ಜಾಗ ಮಾಡಿ, ಒಂಬತ್ತು ದಿನದಲ್ಲಿ ಮೊದಲ ಸಲ, "ಕೂತ್ಕೋ ಮಗಳೇ," ಅಂದಳು.

ಅವಳು ಸೌಟನ್ನ ನಿರ್ದೇಶಕನ ಕೈಗೆ ಕೊಟ್ಟು, ಹೋಗಿ ಅಮ್ಮನ ಪಕ್ಕ ಕೂತಳು. ಅವನು ಅದನ್ನ ಹಿಡಿದುಕೊಂಡು ನಿಂತ. ಏಳು ಜನ ಮತ್ತು ಅವರ ಮಗಳು ಅವನ ಮಾತಿಗೆ ಕಾಯುತ್ತಾ ಕೂತರು, ಅವರಿಗೇನೂ ಅವಸರವಿರಲಿಲ್ಲ.